ಕಚಿನ್ ಗೇಟು ನೋಡಿಕೊಂಡು ಮ್ಯಾಗ್ನೆಟ್ ಖರೀದಿ: ನನ್ನ ಅನುಭವ

ಮೋಟಾರ್ ಕಡೆಯವರಿಗೆ ಗೊತ್ತಿರುವುದೇ: ಹೆಚ್ಚು ಬಿಸಿ ತಾಳುವ ಎಸ್‌ಎಚ್, ಯುಎಚ್ ಗ್ರೇಡಿನ ಮ್ಯಾಗ್ನೆಟ್ಟಿನ ದರದಲ್ಲಿ ಕೈ ಸುಡುವುದು ನಿಯೋಡಿಮಿಯಮ್ ಅಲ್ಲ, ಅದರೊಳಗಿನ ಚೂರುಪಾರು ಡಿಸ್ಪ್ರೋಸಿಯಮ್, ಟರ್ಬಿಯಮ್. ಚೀನಾ ಸಂಸ್ಕರಿಸುವ ಈ ಎರಡರ ಅದಿರಿನಲ್ಲಿ ದೊಡ್ಡ ಪಾಲು ಮ್ಯಾನ್ಮಾರ್‌ನ ಕಚಿನ್ ರಾಜ್ಯದ ಬೆಟ್ಟಗಳಿಂದ ಬರುತ್ತದೆ. ಹಾಗಾಗಿ ಗಡಿ ಗೇಟಿನ ಸ್ಥಿತಿ ನೋಡಿ ಆರ್ಡರ್ ಹಾಕೋಣ ಅಂದಾಗ ಬೆಂಗಳೂರಿನ ನಮ್ಮ ಅಕೌಂಟ್ಸ್ ವಿಭಾಗದವರು "ಅಂತರ್ಯುದ್ಧದ ಸುದ್ದಿ ಓದಿ ಪಿಒ ಕೊಡ್ತೀರಾ ಸಾರ್?" ಎಂದು ನಕ್ಕಿದ್ದರು. 2024ರ ಕೊನೆಯಲ್ಲಿ ಕೊಟ್ಟ ಆರ್ಡರಿನ ಲೆಕ್ಕ ಮುಗಿದ ಮೇಲೆ ಯಾರೂ ನಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯುದ್ಧದ ಸುದ್ದಿಯನ್ನು ಹಾಗೇ ನಂಬಿದರೆ ಕೆಲಸ ಕೆಡುತ್ತದೆ. ಯಾವ ಊರು ಯಾರ ವಶವಾಯಿತು ಎನ್ನುವುದಕ್ಕಿಂತ ಅದಕ್ಕೆ ಬೀಜಿಂಗ್ ಏನು ಮಾಡಿತು ಅನ್ನುವುದು ಮುಖ್ಯ. ಮ್ಯಾನ್ಮಾರ್‌ನ ಶಾನ್ ರಾಜ್ಯದ ಲಾಶಿಯೊ ಊರಿನ ಉದಾಹರಣೆ ನೋಡಿ. 2024ರ ಆಗಸ್ಟ್ ಹೊತ್ತಿಗೆ ಕೋಕಾಂಗ್ ಬಂಡುಕೋರ ಪಡೆ ಮ್ಯಾನ್ಮಾರ್ ಸೇನೆಯ ಈಶಾನ್ಯ ಕಮಾಂಡನ್ನೇ ಕಿತ್ತುಕೊಂಡಿತು. ಗಡಿಯಾಚೆಯ ಚೀನೀ ಪ್ರಾಂತ್ಯ ಯುನ್ನಾನ್ ಕಡೆಯಿಂದ ಗೇಟು ಬಂದ್ ಆಯಿತು, ಕರೆಂಟು, ಇಂಟರ್ನೆಟ್ ಹೋಯಿತು. ಪಡೆಯ ನಾಯಕ ಯುನ್ನಾನಿನಲ್ಲೇ ಉಳಿಯಬೇಕಾಯಿತು. ಚಿಕಿತ್ಸೆಗೆ ಬಂದಿದ್ದಾರೆ ಅಂದಿತು ಚೀನಾ. 2025ರ ಜನವರಿಯಲ್ಲಿ ಕದನವಿರಾಮ, ಏಪ್ರಿಲ್‌ನಲ್ಲಿ ಚೀನೀ ವೀಕ್ಷಕರ ಎದುರಲ್ಲೇ ಊರು ಮತ್ತೆ ಸೇನೆಯ ಕೈಗೆ. ಬೀಜಿಂಗ್ ಒಂದು ಗುಂಡೂ ಹಾರಿಸದೆ ಗೇಟಿನಿಂದಲೇ ಮಾಡಿದ ಕೆಲಸ ಇದು. ಖರೀದಿ ಮಾಡುವವನಿಗೆ ಬೇಕಾದ ಸುಳಿವೂ ಗೇಟಿನಲ್ಲೇ ಇದೆ.

ಇನ್ನು ವಿಧಾನ. ಚೀನೀ ಕಸ್ಟಮ್ಸ್ ತಿಂಗಳ ವಿವರವಾದ ಅಂಕಿಗಳನ್ನು ಮುಂದಿನ ತಿಂಗಳ 18–20ರ ಹೊತ್ತಿಗೆ ಹಾಕುತ್ತದೆ; ಜನವರಿ, ಫೆಬ್ರುವರಿ ಒಟ್ಟಿಗೆ ಮಾರ್ಚ್‌ನಲ್ಲಿ. ನೋಡಬೇಕಾದದ್ದು ಎಚ್‌ಎಸ್ (ಕಸ್ಟಮ್ಸ್ ಸರಕು ಸಂಕೇತ) 284690, ಅಂದರೆ ಈ ವಿರಳ ಭೂಧಾತುಗಳ ಸಂಯುಕ್ತಗಳು; ದೇಶ ಮ್ಯಾನ್ಮಾರ್. ಎಂಟಂಕಿಗೆ ಇಳಿದರೆ 'ಇತರೆ ಆಕ್ಸೈಡ್' ಮತ್ತು 'ಮಿಶ್ರ ಕಾರ್ಬೊನೇಟ್' ಎರಡು ಸಾಲು ಸಿಗುತ್ತವೆ. ಎರಡನ್ನೂ ತೆಗೆದುಕೊಳ್ಳಿ, ಆದರೆ ತೂಕವನ್ನು ಹಾಗೇ ಕೂಡಿಸಬೇಡಿ. ಕಾರ್ಬೊನೇಟಿನಲ್ಲಿ ಆಕ್ಸೈಡ್ ಪಾಲು ಅರ್ಧಕ್ಕಿಂತ ಕಡಿಮೆ. ನಾನು 0.43ರಿಂದ ಗುಣಿಸುತ್ತೇನೆ. ಆಮೇಲೆ ಮೌಲ್ಯವನ್ನು ಕಿಲೋಗೆ ಭಾಗಿಸಿ. 2023ರಲ್ಲಿ ಸುಮಾರು 41,700 ಟನ್, 140 ಕೋಟಿ ಡಾಲರ್. ಅಂದರೆ ಕಿಲೋಗೆ 33–34 ಡಾಲರ್. ಮಾರುಕಟ್ಟೆ ದರ ಅಲ್ಲಾಡದೆ ಈ ಅಂಕಿ ಮಾತ್ರ ಕುಸಿದರೆ ಮಾಲಿನಲ್ಲಿ ಭಾರದ ಧಾತುಗಳ (ಡಿಸ್ಪ್ರೋಸಿಯಮ್, ಟರ್ಬಿಯಮ್) ಪಾಲು ಇಳಿದಿದೆ ಎಂದು ತಿಳಿಯಬಹುದು.

ಪ್ರಾಂತ್ಯದ ಫಿಲ್ಟರ್ ಹಾಕಿ ಯುನ್ನಾನ್ ಆರಿಸಿದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ. ಆ ಕಾಲಂ ಹೇಳುವುದು ಕಂಪನಿ ನೋಂದಣಿಯಾದ ಪ್ರಾಂತ್ಯವನ್ನು, ಲಾರಿ ದಾಟಿದ ಗೇಟನ್ನಲ್ಲ. ಮ್ಯಾನ್ಮಾರ್ ರಾಜಧಾನಿ ನೇಪಿಡಾದ ಸರ್ಕಾರಿ ರಫ್ತು ಅಂಕಿಯನ್ನು ಮುಟ್ಟಲೇಬೇಡಿ. ಬಂಡುಕೋರರ ಗೇಟಿನಿಂದ ಹೋದ ಮಾಲು ಅದರಲ್ಲಿ ಹೇಗೆ ಬರಬೇಕು?

ಆಮದು ಅಂಕಿ ಬರುವಷ್ಟರಲ್ಲಿ ದರ ಏರಿ ಆಗಿರುತ್ತದೆ. ಹಾಗಾಗಿ ಉಲ್ಟಾ ದಿಕ್ಕಿನ ಮಾಲು ನೋಡಬೇಕು. ಗಣಿಯಲ್ಲಿ ಅಗೆಯುವುದು ಕಡಿಮೆ. ಬೆಟ್ಟಕ್ಕೆ ಅಮೋನಿಯಂ ಸಲ್ಫೇಟ್ ದ್ರಾವಣ ಇಳಿಸಿ, ಕೆಳಗೆ ಹಿಡಿದು, ಆಕ್ಸಾಲಿಕ್ ಆಮ್ಲ ಇಲ್ಲವೇ ಅಮೋನಿಯಂ ಬೈಕಾರ್ಬೊನೇಟ್ ಹಾಕಿ ಕೂರಿಸುತ್ತಾರೆ. ಈ ರಾಸಾಯನಿಕ ಚೀನಾದಿಂದಲೇ ಒಳಗೆ ಹೋಗಬೇಕು. ಅಮೋನಿಯಂ ಸಲ್ಫೇಟ್ (310221) ಗೊಬ್ಬರವಾಗಿಯೂ ಹೋಗುವುದರಿಂದ ಬಿತ್ತನೆ ಕಾಲದಲ್ಲಿ ಸುಮ್ಮನೆ ಉಬ್ಬುತ್ತದೆ. ಆಕ್ಸಾಲಿಕ್ (291711) ಹೊಲಕ್ಕೆ ಹೋಗುವ ಮಾಲಲ್ಲ, ಅದು ಶುದ್ಧ ಸುಳಿವು. ಎರಡರ ಮೂರು ತಿಂಗಳ ಸರಾಸರಿ ತೆಗೆದು ಒಂದು ಅನುಪಾತ ಮಾಡಿಕೊಂಡಿದ್ದೇನೆ. ಯಾವ ಮಟ್ಟಕ್ಕಿಳಿದರೆ ಆರ್ಡರ್ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದು ನಮ್ಮ ಹೊಟ್ಟೆಪಾಡು.

2024ರ ಅಕ್ಟೋಬರ್‌ನಲ್ಲಿ ಕಚಿನ್ ಸ್ವಾತಂತ್ರ್ಯ ಸೇನೆ, ಅಂದರೆ ಕೆಐಎ, ಗಣಿಗಳ ಕೇಂದ್ರ ಪಾಂಗ್ವಾವನ್ನು ಸೇನೆಯ ಬೆಂಬಲಿಗ ಪಡೆಯಿಂದ ಕಿತ್ತುಕೊಂಡಿತು. ನವೆಂಬರ್‌ನಲ್ಲಿ ಕನ್‌ಪೈಟಿ ಗೇಟೂ ಅವರದಾಯಿತು. ಗಡಿ ಬಿಗಿಯಾಯಿತು, ಆಮದು ಧೊಪ್ಪನೆ ಬಿತ್ತು. ನಾವು ನಾಲ್ಕೈದು ತಿಂಗಳ ಯುಎಚ್ ಮಾಲು ಹಳೇ ದರಕ್ಕೆ ಕಟ್ಟಿಟ್ಟೆವು. ಸುಮಾರು 70 ಲಕ್ಷ ಸಿಕ್ಕಿಕೊಂಡಿತು, ಬಡ್ಡಿ ಕಳೆದು 15–16 ಲಕ್ಷ ಉಳಿಯಿತು ಅಂತ ನೆನಪು. ಆಮೇಲೆ ಕೆಐಎ ಟನ್ನಿಗೆ 35,000 ಯುವಾನ್ ತೆರಿಗೆಗೆ ಮಾಲು ಬಿಡುತ್ತಿದೆ ಎಂದು ವರದಿ ಬಂತು. ಕಿಲೋಗೆ 35 ಯುವಾನ್, ಐದು ಡಾಲರ್‌ಗೆ ಸ್ವಲ್ಪ ಕಡಿಮೆ. ದರದ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಬೇಕು.

ಗೇಟು ಮುಚ್ಚಿದ ಕೂಡಲೇ ಕೊರತೆ ಅಂದುಕೊಳ್ಳುವುದೂ ಅಪಾಯ. ಮ್ಯಾನ್ಮಾರ್‌ನದೇ ವಾ ಪ್ರದೇಶದಲ್ಲಿ 2023ರ ಆಗಸ್ಟ್ 1ರಿಂದ ತವರದ ಗಣಿ ನಿಂತರೂ ಚೀನಾಕ್ಕೆ ಅದಿರು ತಿಂಗಳುಗಟ್ಟಲೆ ಹೋಗುತ್ತಲೇ ಇತ್ತು, ದಾಸ್ತಾನಿನಿಂದ. ತವರದಿಂದ ಮಾಡುವ ಸೋಲ್ಡರ್ ಖರೀದಿಗೆ ಇದೇ ವಿಧಾನ ಹಾಕಿ ನೋಡಿದ್ದೆವು, ಕೂಡಲಿಲ್ಲ. ಅಲ್ಲಿ ರಾಸಾಯನಿಕದ ಸುಳಿವೇ ಇಲ್ಲ.

ಉಪಗ್ರಹ ಚಿತ್ರವನ್ನೂ ಪರೀಕ್ಷಿಸಿದೆವು. ಸೆಂಟಿನೆಲ್-2ರ 10 ಮೀಟರ್ ಚಿತ್ರದಲ್ಲಿ ದ್ರಾವಣದ ಕೊಳಗಳು ನೀಲಿ ಚುಕ್ಕೆಗಳಂತೆ ಎದ್ದು ಕಾಣುತ್ತವೆ, ಪುಕ್ಕಟೆ ಕೂಡ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಮೋಡ. ದುಡ್ಡು ಕೊಟ್ಟು ತರಿಸಿದ ಚಿತ್ರಕ್ಕೂ ಅದೇ ಗತಿ.

ಈ ವಿಧಾನಕ್ಕೆ ಸಿಗದ ಸಂಗತಿಯೂ ಇದೆ. 2025ರ ಏಪ್ರಿಲ್ 4ಕ್ಕೆ ಚೀನಾ ಡಿಸ್ಪ್ರೋಸಿಯಮ್, ಟರ್ಬಿಯಮ್ ಸೇರಿ ಏಳು ಧಾತುಗಳ ರಫ್ತಿಗೆ ಲೈಸೆನ್ಸ್ ಹಾಕಿತು. ಅಲ್ಲಿಂದ ಚೀನಾದ ಒಳಗಿನ ದರ ಒಂದು, ಹೊರಗಿನ ದರ ಇನ್ನೊಂದು. ನನ್ನ ಅನುಪಾತ ಒಳಗಿನ ದರವನ್ನು ಮಾತ್ರ ಹೇಳುತ್ತದೆ. ಅದೇ ಜುಲೈನಲ್ಲಿ, ಕಚಿನ್‌ನ ಭಾಮೊ ಊರಿನ ಮೇಲಿನ ದಾಳಿ ನಿಲ್ಲಿಸದಿದ್ದರೆ ಕೆಐಎ ಕಡೆಯ ಮಾಲು ಕೊಳ್ಳುವುದಿಲ್ಲವೆಂದು ಚೀನಾ ಬೆದರಿಸಿದ ವರದಿ ಬಂದಾಗ ಇಲ್ಲಿ ಎಲ್ಲರೂ ಗಾಬರಿಯಾದರು. ನಾವು ಆರ್ಡರ್ ಹೆಚ್ಚಿಸಲಿಲ್ಲ. ತನ್ನ ಕಾರ್ಖಾನೆಗೂ ಅದೇ ಅದಿರು ಬೇಕಿರುವಾಗ ಬೀಜಿಂಗ್ ಎಷ್ಟು ದಿನ ಬಾಗಿಲು ಹಾಕಿಕೊಂಡು ಕೂರುತ್ತದೆ?

ಈಗ ಲಾವೋಸ್‌ನಿಂದ ಚೀನಾಕ್ಕೆ ಹೋಗುವ ಮಾಲಿಗೂ ಒಂದು ಕಾಲಂ ಸೇರಿಸಿದ್ದೇವೆ. ಪೂರ್ವ ಶಾನ್‌ನಲ್ಲೂ ಹೊಸ ಗಣಿಗಳು ಎದ್ದಿವೆ. ಕಸ್ಟಮ್ಸ್ ಅಂಕಿಯಲ್ಲಿ ಕಚಿನ್, ಶಾನ್ ಎರಡೂ 'ಮ್ಯಾನ್ಮಾರ್' ಆಗಿಯೇ ಬರುವುದರಿಂದ ಬೇಸಿಗೆ ತಿಂಗಳ ಕೊಳಗಳನ್ನು ಎಣಿಸಿ ಪಾಲು ಹಂಚುತ್ತಿದ್ದೇವೆ. ಶಾನ್ ಮಾಲಿನ ಡಿಸ್ಪ್ರೋಸಿಯಮ್ ಪಾಲು ಖಚಿತವಾಗುವವರೆಗೆ ಅನುಪಾತದ ಹಳೇ ಮಟ್ಟವನ್ನು ಯಾರೂ ಕಣ್ಣು ಮುಚ್ಚಿ ಬಳಸಬಾರದು, ನಾವೂ ಸೇರಿ.