ವಾರ್ಡಿನಲ್ಲಿ ಕಾಟ ಶುರುವಾದರೆ: ಹೊಸ ನರ್ಸ್‌ಗಳಿಗೆ ಒಂದಿಷ್ಟು ಮಾತು

ಕಾಸರಗೋಡಿನಲ್ಲಿ ಖಾಸಗಿ ಆಸ್ಪತ್ರೆ ಡ್ಯೂಟಿ ಮಾಡುತ್ತಾ ನನ್ನ ತಲೆ ನರೆತಿದೆ. ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯಿಂದ ಹೊಸತಾಗಿ ಸೇರಿದ ಹುಡುಗಿಯರು ಕೇಳುತ್ತಲೇ ಇರುತ್ತಾರೆ, "ಅಕ್ಕಾ, ವಾರ್ಡ್ ಇನ್‌ಚಾರ್ಜ್ ನನ್ನನ್ನೇ ಹಿಡಿದುಕೊಂಡಿದ್ದಾರೆ, ಏನು ಮಾಡುವುದು?" ಬರೆದಿಡು ಅನ್ನುತ್ತೇನೆ.

ಮೊದಲು ಗದರಿಕೆ ಯಾವುದು, ಕಾಟ ಯಾವುದು ನೋಡಿ. ಇನ್ಸುಲಿನ್ ಡೋಸ್ ಇನ್ನೊಬ್ಬರಿಗೆ ತೋರಿಸದೆ ಕೊಟ್ಟದ್ದಕ್ಕೆ ಸೀನಿಯರ್ ಬೈದರೆ ಅದು ಕಾಟವಲ್ಲ. ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆಗೆ ನಿಲ್ಲುವವರ, ಎದುರು ಪದೇ ಪದೇ ಮರ್ಯಾದೆ ತೆಗೆಯುವುದು, ಶಿಫ್ಟ್ ಬದಲಾಗುವಾಗ ರೋಗಿಗಳ ವಿಷಯ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಬೇಕೆಂದೇ ವಿಷಯ ಮುಚ್ಚಿಟ್ಟು ಆಮೇಲೆ ನಿಮ್ಮ ತಲೆಗೆ ಕಟ್ಟುವುದು, ನೈಟ್ ಡ್ಯೂಟಿಯೆಲ್ಲ ಒಬ್ಬಳಿಗೇ ಹಾಕುವುದು, ಇದು ಕಾಟ. ನಮ್ಮಲ್ಲಿ ಇನ್ನೊಂದುಂಟು: ಕನ್ನಡ ಮೀಡಿಯಂನಲ್ಲಿ ಓದಿದವಳ ಮಲಯಾಳ ಕೇಳಿ ನಗುವುದು. ಒಂದು ಸಲ ಆದರೆ ಬಿಡಿ, ನಾವೂ ನಗೋಣ. ದಿನಾ ಅಣಕಿಸಿದರೆ ಆ ಹುಡುಗಿ ಸಂಶಯ ಬಂದರೂ ಕೇಳುವುದಿಲ್ಲ. ಕೇಳದೆ ಕೊಟ್ಟ ಮದ್ದು ಹೋಗುವುದು ರೋಗಿಯ ಮೈಗೆ, ಅಲ್ವಾ?

ಬರೆಯುವಾಗ "ತುಂಬಾ ಹಿಂಸೆ ಕೊಟ್ಟರು" ಅಂದರೆ ಪ್ರಯೋಜನವಿಲ್ಲ. ತಾರೀಖು, ಶಿಫ್ಟ್, ಯಾರು ಯಾರು ಅಲ್ಲಿದ್ದರು, ಆಡಿದ ಮಾತು ಆಡಿದ ಹಾಗೆಯೇ. "ಬೆಳಗಿನ ಹ್ಯಾಂಡೋವರ್, ಎಲ್ಲರ ಎದುರು, ನಿನಗೆ ಸರ್ಟಿಫಿಕೇಟ್ ಕೊಟ್ಟವರು ಯಾರು ಎಂದರು", ಹೀಗೆ. ಅದೇ ದಿನ ಬರೆಯಿರಿ, ಮನೆಯಲ್ಲಿಡುವ ಪುಸ್ತಕದಲ್ಲಿ. ಡ್ಯೂಟಿ ಲಿಸ್ಟ್ ತಿದ್ದಿದಾಗಲೆಲ್ಲ ಫೋಟೋ ತೆಗೆಯಿರಿ. ರೋಗಿಯ ಹೆಸರು, ಕೇಸ್ ಶೀಟ್ ಮಾತ್ರ ಫೋಟೋದಲ್ಲಿ ಬರಬಾರದು. ಬಂದರೆ ನಿಮ್ಮನ್ನು ಹೊರಗೆ ಹಾಕಲು ಅವರಿಗೆ ಅದೇ ಸಾಕು.

ದೂರು ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ. ಬಾಯಲ್ಲಿ ಬೇಡ. ಎರಡು ಪ್ರತಿ ಮಾಡಿ, ಒಂದರಲ್ಲಿ ಸಿಕ್ಕಿದೆ ಎಂದು ಸಹಿ ಹಾಕಿಸಿಕೊಳ್ಳಿ. ಸಂಬಳ, ಡ್ಯೂಟಿ ಸಮಯ, ರಜೆಯ ವಿಷಯವಾದರೆ ಲೇಬರ್ ಆಫೀಸಿಗೆ ಹೋಗಬಹುದು. ಕೇರಳದ ಖಾಸಗಿ ನರ್ಸ್‌ಗಳಿಗೆ 20,000 ರೂಪಾಯಿ ಕನಿಷ್ಠ ಸಂಬಳ ಎಂದು 2018ರಲ್ಲಿ ಆದೇಶವಾದದ್ದು ಸುಮ್ನೆ ಅಲ್ಲ, ಹಿಂದಿನ ವರ್ಷ ನರ್ಸ್‌ಗಳು ಬೀದಿಗಿಳಿದ ಮೇಲೆ. ಮಲಯಾಳದಲ್ಲಿ ಅರ್ಜಿ ಬರೆಯಲು ಬರುವುದಿಲ್ಲ ಅಂತ ಹಿಂಜರಿಯಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ನಮ್ಮ ಊರಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಲೈಂಗಿಕ ಕಿರುಕುಳವಾದರೆ ದಾರಿ ಬೇರೆ. ಹತ್ತು ಜನ ಕೆಲಸ ಮಾಡುವಲ್ಲೆಲ್ಲ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಮೂರು ತಿಂಗಳೊಳಗೆ ಬರೆದು ಕೊಡಿ.

ಇನ್ನು ಸುಸ್ತಿನ ವಿಷಯ. ನಿದ್ದೆ ಮಾಡಿದರೂ ಆಯಾಸ ಹೋಗುವುದಿಲ್ಲ, ಬೆಲ್ ಕೇಳಿದರೆ ರೋಗಿಯ ಮೇಲೇ ಸಿಟ್ಟು, ನರಕ್ಕೆ ಐವಿ ಸೂಜಿ ಹಾಕುವಾಗಲೂ ನನ್ನಿಂದಾಗದು ಎಂಬ ಅಳುಕು. ಇದನ್ನೇ ಬರ್ನ್‌ಔಟ್ ಅನ್ನುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸದ ಜಾಗದಿಂದ ಬರುವ ತೊಂದರೆ ಎಂದೇ ಗುರುತಿಸಿತು. ಹಾಗಿರುವಾಗ ಆಸ್ಪತ್ರೆಯವರು ಒಂದು ದಿನ ಯೋಗ ಕ್ಲಾಸ್ ಇಟ್ಟು ಕೈತೊಳೆದುಕೊಂಡರೆ ನನಗೆ ನಗು ಬರುತ್ತದೆ. ನೈಟ್ ಮುಗಿದ ಮೇಲೆ ಆಫ್, ವಾರ್ಡ್ ಬದಲಾವಣೆ, ಇಷ್ಟನ್ನು ಬರೆದೇ ಕೇಳಿ. ಡ್ಯೂಟಿ ಬದಲಿಸಿಕೊಡು ಎಂದು ಯಾರು ಕೇಳಿದರೂ ಹೂಂ ಅನ್ನಬೇಡಿ. ರಾತ್ರಿಯೆಲ್ಲ ಯೋಚನೆ ವಾರ್ಡಿನಲ್ಲೇ ಸುತ್ತುತ್ತಿದ್ದರೆ, ಸಾಯಬೇಕು ಅನಿಸಿದರಂತೂ ಕೂಡಲೇ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಬಿಡಲೇಬೇಕು ಅನಿಸಿದರೆ ಬಿಡಿ, ತಪ್ಪೇನಿಲ್ಲ. ಸಿಟ್ಟಿನಲ್ಲಿ ಮಧ್ಯ ಶಿಫ್ಟ್‌ನಲ್ಲಿ ಮಾತ್ರ ಎದ್ದು ಬರಬೇಡಿ. ರಾಜೀನಾಮೆಯ ಪ್ರತಿಗೂ ಸಹಿ ಹಾಕಿಸಿ, ಅನುಭವ ಪತ್ರ ಕೈಗೆ ಬರುವ ತನಕ ಬೆನ್ನು ಬಿಡಬೇಡಿ. ಗಲ್ಫ್‌ಗೆ ಹೋಗುವಾಗ ಮೊದಲು ಕೇಳುವುದು ಅದನ್ನೇ. ಒರಿಜಿನಲ್ ಸರ್ಟಿಫಿಕೇಟ್‌ಗಳನ್ನಂತೂ ಮುಂದಿನ ಆಸ್ಪತ್ರೆಯಲ್ಲಿ ತೋರಿಸಿ ವಾಪಸ್ ತನ್ನಿ, ಅವರ ಕಪಾಟಿನಲ್ಲಿ ಬಿಟ್ಟು ಬರಬೇಡಿ.