ಗೆಟ್ ನಾನು ಹೇಳ್ಕೊಡೋದು ಹೀಗೆ

ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಮಾಡ್ತೀನಿ, ಬರೋರು ಅಂಗಡಿಯೋರು, ಗ್ಯಾರೇಜ್ ಹುಡುಗ್ರು, ಇಂಟರ್‌ವ್ಯೂಗೆ ಓಡಾಡೋ ಡಿಗ್ರಿ ಮಕ್ಳು. ಇವ್ರ ತಲೆ ಕೆಡ್ಸೋದು ಗೆಟ್ ಅನ್ನೋ ಇಂಗ್ಲಿಷ್ ಪದ. ಡಿಕ್ಷನರಿ ತೆಗೆದ್ರೆ ಪಡೆ, ತಲುಪು, ಆಗು, ತಗೊಂಡ್ ಬಾ ಅಂತ ಹೋಗ್ತಾನೇ ಇರುತ್ತೆ, ಅದನ್ನ ಉರು ಹೊಡೆದ್ರೆ ಮಾತಾಡೋವಾಗ ಒಂದೂ ನೆನಪಾಗಲ್ಲ. ಅದಕ್ಕೆ ನಾನು ಆ ಕಡೆ ಹೋಗೋದೇ ಇಲ್ಲ, ನಾವು ದಿನಾ ಆಡೋ ಕನ್ನಡದಿಂದಾನೇ ಶುರು ಮಾಡ್ತೀನಿ.

ಮೊದ್ಲು "ನಂಗೆ" ಇರೋವು. ನಂಗೆ ಕೆಲಸ ಸಿಕ್ತು, ನಂಗೆ ಮೆಸೇಜ್ ಬಂತು, ನಂಗೆ ಸಿಟ್ಟು ಬಂತು, ನಂಗೆ ಅರ್ಥ ಆಯ್ತು. ಇಂಗ್ಲಿಷಲ್ಲಿ ಇಲ್ಲೆಲ್ಲ ನಂಗೆ ಹೋಗಿ ಐ ಬರುತ್ತೆ, ಆಗಿಹೋದ ವಿಷ್ಯ ಆದ್ರಿಂದ ಗೆಟ್ ಹೋಗಿ ಗಾಟ್ ಆಗುತ್ತೆ, ಐ ಗಾಟ್ ಎ ಜಾಬ್, ಐ ಗಾಟ್ ಎ ಮೆಸೇಜ್, ಐ ಗಾಟ್ ಆಂಗ್ರಿ, ಐ ಗಾಟ್ ಇಟ್. ಹಾಗಂತ ನಂಗೆ ಇದ್ದಲ್ಲೆಲ್ಲ ಗೆಟ್ ತುರುಕೋಕಾಗಲ್ಲ, ನಂಗೆ ಕಾಫಿ ಬೇಕು ಅನ್ನೋದಕ್ಕೆ ವಾಂಟ್, ನಂಗೆ ಈಜು ಬರುತ್ತೆ ಅನ್ನೋದಕ್ಕೆ ಕ್ಯಾನ್. ಹೊಸದಾಗಿ ಏನೋ ಕೈಗೆ ಸೇರಿರ್ಬೇಕು ಇಲ್ಲ ಏನೋ ಬದಲಾಗಿರ್ಬೇಕು, ಆಗ ಗೆಟ್.

ನಾನು ಜಾಸ್ತಿ ಟೈಮ್ ಕೊಡೋದು ಮಾಡಿಸೋದು, ಹೊಲಿಸೋದು, ಕಟ್ಟಿಸೋದು ಈ ಥರದಕ್ಕೆ. ಗ್ಯಾರೇಜ್ ಹುಡುಗ ಒಬ್ಬ ಹೊಸಾ ಕಟಿಂಗಲ್ಲಿ ಬಂದು "ಐ ಕಟ್ ಮೈ ಹೇರ್ ಮೇಡಂ" ಅಂದ.

"ಕತ್ರಿ ಹಿಡಿದಿದ್ದು ನೀನೇನಪ್ಪ?"

"ಅಯ್ಯೋ ಇಲ್ಲ ಮೇಡಂ, ಸಲೂನಲ್ಲಿ ಮಾಡಿಸ್ದೆ."

ಆ ಮಾಡಿಸ್ದೆ ಒಳಗಿರೋ "ಇಸು"ನೇ ಇಲ್ಲಿ ಗೆಟ್. ಐ ಗಾಟ್ ಮೈ ಹೇರ್ ಕಟ್. ಬೈಕ್ ಸರ್ವಿಸ್ ಮಾಡಿಸ್ದೆ, ಐ ಗಾಟ್ ಮೈ ಬೈಕ್ ಸರ್ವೀಸ್ಡ್. ಬ್ಲೌಸ್ ಹೊಲಿಸ್ದೆ, ಐ ಗಾಟ್ ಮೈ ಬ್ಲೌಸ್ ಸ್ಟಿಚ್ಡ್. ವಸ್ತು ಮಧ್ಯದಲ್ಲೇ ಕೂರ್ಬೇಕು, ಗಾಟ್ ಸ್ಟಿಚ್ಡ್ ಮೈ ಬ್ಲೌಸ್ ಅಂದ್ರೆ ಕೆಟ್ಟೋಯ್ತು. ಯಾರ ಕೈಲಿ ಮಾಡಿಸ್ದೆ ಅಂತ ಹೇಳ್ಬೇಕಾದ್ರೆ ಟು ಬೇಕು, ತಮ್ಮನ ಕೈಲಿ ಫಾರ್ಮ್ ತುಂಬಿಸ್ದೆ, ಐ ಗಾಟ್ ಮೈ ಬ್ರದರ್ ಟು ಫಿಲ್ ಇನ್ ದ ಫಾರ್ಮ್. ಇಲ್ಲಿ ಗಾಟ್ ಬದಲು ಮೇಡ್ ಹಾಕಿದ್ರೆ ಟು ಬಿಟ್ಟೋಗುತ್ತೆ, ಜೊತೆಗೆ ತಮ್ಮನ ಕಿವಿ ಹಿಂಡಿ ತುಂಬಿಸಿದ ಹಾಗೆ ಕೇಳ್ಸುತ್ತೆ!

ಬಸ್ಸು ಆಟೋ ವಿಷ್ಯ ಬೇಗ ಮುಗಿಯುತ್ತೆ. ಒಳಗೆ ಎದ್ದು ಓಡಾಡೋ ಅಷ್ಟು ಜಾಗ ಇರೋ ಬಸ್ಸು, ಟ್ರೈನು, ವಿಮಾನಕ್ಕೆ ಗೆಟ್ ಆನ್, ಗೆಟ್ ಆಫ್. ಕಾರು ಆಟೋಗೆ ಗೆಟ್ ಇನ್, ಗೆಟ್ ಔಟ್. ನಾವೆಲ್ಲ ಬಸ್ಸಿಂದ ಗೆಟ್ ಡೌನ್ ಆಗೋರು, ಇಂಡಿಯಾದಲ್ಲಿ ಅದು ಯಾರಿಗೂ ಅರ್ಥ ಆಗದೇ ಇರಲ್ಲ, ನಾನೂ ಅದನ್ನ ತಿದ್ದೋಕೆ ಹೋಗಲ್ಲ, ಲಂಡನ್‌ಗೆ ಹೊರಟೋರಿಗೆ ಮಾತ್ರ ಆಫ್ ಅನ್ನಿ ಅಂತೀನಿ.

ಗೆಟ್‌ದೇ ಇನ್ನೊಂದು ರೂಪ ಗಾಟನ್ ಬಗ್ಗೆನೂ ಕೇಳ್ತಾರೆ, ಇಂಗ್ಲಿಷ್ ಸಿನಿಮಾ ನೋಡ್ಕೊಂಡು ಬಂದು. ಹ್ಯಾಸ್ ಗಾಟನ್ ಬೆಟರ್ ಅನ್ನೋದು ಅಮೆರಿಕದೋರ ರೂಢಿ, ಬ್ರಿಟಿಷ್ ಇಂಗ್ಲಿಷಲ್ಲಿ ಹ್ಯಾಸ್ ಗಾಟ್ ಬೆಟರ್. ನಮ್ಮ ಸ್ಕೂಲ್ ಪುಸ್ತಕಗಳದ್ದು ಎರಡನೇದು, ಅದೇ ಸಾಕು. ಇಷ್ಟೆಲ್ಲ ಬಾಯಿಮಾತಿಗೆ ಆಯ್ತು, ಕೆಲಸದ ಅರ್ಜಿ, ಆಫೀಸ್ ಲೆಟರ್‌ಲ್ಲಿ ಮಾತ್ರ ಗಾಟ್ ಬಿಟ್ಟು ರಿಸೀವ್ಡ್, ಬಿಕೇಮ್ ಅಂತ ಬರೆಸ್ತೀನಿ.