ಸಮುದ್ರಕ್ಕೆ ಬೆಂಡು ಹಾಕಿ ಕೋಹೊ ಹಿಡಿದ ಕಥೆ

"ಸಮುದ್ರಕ್ಕೆ ಬೆಂಡು ಹಾಕ್ತೀಯಾ? ಇದು ನಿಮ್ಮೂರ ಕೆರೆ ಅಂದ್ಕೊಂಡ್ಯಾ ಮಾರಾಯಾ?"

ಕುಂದಾಪುರದ ಗೆಳೆಯ ಹೀಗೆ ನಕ್ಕಿದ್ದು 2023ರ ಸೆಪ್ಟೆಂಬರಿನಲ್ಲಿ. ಸಿಯಾಟಲ್ ಹತ್ತಿರದ ವಿಡ್ಬಿ ದ್ವೀಪ, ಬುಷ್ ಪಾಯಿಂಟ್ ದಡ, ಬೆಳಗಿನ ಜಾವ. ಅವನು ಕಡಲ ಪಕ್ಕ ಹುಟ್ಟಿದವನು. ನಾನು ಟಿ. ನರಸೀಪುರದವನು, ನನಗೆ ಗೊತ್ತಿದ್ದದ್ದು ಕಾವೇರಿ, ಕಬಿನಿ, ರಾಗಿ ಹಿಟ್ಟಿನ ಉಂಡೆ ಅಷ್ಟೇ. ಹಾಗಾಗಿ ನಗುವುದಕ್ಕೆ ಅವನಿಗೆ ಹಕ್ಕಿತ್ತು. ಆದರೆ 2024ರಲ್ಲಿ ಅದೇ ದಡದಲ್ಲಿ, ಗಾಳದ ದಾರಕ್ಕೆ ಕಟ್ಟಿ ತೇಲಿಬಿಡುವ ಬೆಂಡಿನಲ್ಲೇ, ಐದು ಟ್ರಿಪ್ಪಿಗೆ ಹದಿಮೂರೋ ಹದಿನಾಲ್ಕೋ ಕೋಹೊ (ಸಾಲ್ಮನ್ ಮೀನಿನ ಒಂದು ಜಾತಿ) ದಡಕ್ಕೆ ತಂದೆ. ಅವನದು ಎರಡು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಂದ ಹೇಳುತ್ತೇನೆ. 2021 ಬೆಸ ವರ್ಷ, ಅಂದರೆ ಪಿಂಕ್ ಸಾಲ್ಮನ್ ಬರುವ ವರ್ಷ. ಆಗಸ್ಟಿನಲ್ಲಿ ವೆಸ್ಟ್ ಸಿಯಾಟಲ್‌ನ ಲಿಂಕನ್ ಪಾರ್ಕ್ ದಡದಲ್ಲಿ ಜಾತ್ರೆ. ಭುಜಕ್ಕೆ ಭುಜ ತಾಗಿಸಿ ನಿಂತು ಎಲ್ಲರೂ ಗುಲಾಬಿ ಬಣ್ಣದ ಬಜ್ ಬಾಂಬ್ ಅನ್ನುವ ಲ್ಯೂರ್, ಅಂದರೆ ನಕಲಿ ಎರೆ, ಎಸೆಯುತ್ತಿದ್ದರು. ನಾನೂ ಎಸೆದೆ, ಮೀನು ಬಂತು. ಪಿಂಕ್ ಹಿಡಿಯುವುದಕ್ಕೆ ದೊಡ್ಡ ಬುದ್ಧಿ ಬೇಡ: ಚಿಕ್ಕ ಲ್ಯೂರ್, ಗುಲಾಬಿ ಬಣ್ಣ, ನಿಧಾನ ರೀಲ್. ಹಿಡಿದ ಕೂಡಲೇ ಕಿವಿರು ಕೊಯ್ದು ರಕ್ತ ಹರಿಸಿ ಐಸಿಗೆ ಹಾಕಿದರೆ ಸಾಕು. ತಡ ಮಾಡಿದರೆ ಮಾಂಸ ಮೆತ್ತಗಾಗಿ ಹೋಗುತ್ತದೆ. ಆ ವರ್ಷ ನನ್ನ ತಲೆ ಸ್ವಲ್ಪ ತಿರುಗಿತ್ತು ಅನ್ನಿ.

2022ರಲ್ಲಿ ಇಳಿಯಿತು. ಪಿಂಕ್ ಇಲ್ಲದ ವರ್ಷ. ಸರಿ, ಕೋಹೊ ಹಿಡಿಯೋಣ ಅಂತ ಬುಷ್ ಪಾಯಿಂಟಿಗೆ ಹೋದೆ. ಮುಕಿಲ್ಟಿಯೊದಿಂದ ಫೆರ್ರಿ, ಇಪ್ಪತ್ತು ನಿಮಿಷ. ಮೊದಲ ಫೆರ್ರಿ ಹಿಡಿಯಲು ಮೂರೂವರೆಗೆ ಏಳಬೇಕು. ಹನ್ನೊಂದು ಸಲ ಹೋದೆ. ಹನ್ನೊಂದು ಸಲವೂ ಬರಿಗೈ. ಲೋಹದ ಲ್ಯೂರ್ ಒಂದಕ್ಕೆ ಆರೇಳು ಡಾಲರ್. ಆ ಸೀಸನ್ನಿನಲ್ಲಿ ಕಲ್ಲಿಗೂ ಕಡಲ ಪಾಚಿಗೂ ಕೊಟ್ಟದ್ದು ಸುಮಾರು ಮೂವತ್ತು ಲ್ಯೂರ್. ಫೆರ್ರಿ, ಪೆಟ್ರೋಲ್, ಕಾರಿನ ಬಾಗಿಲಿಗೆ ಸಿಕ್ಕಿ ಮುರಿದ ರಾಡ್, ಎಲ್ಲ ಸೇರಿ 900 ಡಾಲರ್ ದಾಟಿತು. "ರೀ, ಕಾಸ್ಟ್ಕೋದಲ್ಲಿ ಮೀನು ಕಡಿಮೆ ರೇಟಿಗೆ ಸಿಗುತ್ತೆ, ಗೊತ್ತಾ?" ಅಂದಳು ಹೆಂಡತಿ. ಗೊತ್ತಿತ್ತು.

ತಪ್ಪು ಲ್ಯೂರಿನದಲ್ಲ, ನನ್ನ ಕೈಯದು. ಲೋಹ ಭಾರ, ಬೇಗ ಮುಳುಗುತ್ತದೆ. ಕಲ್ಲಿಗೆ ಸಿಕ್ಕೀತು ಅಂತ ಹೆದರಿ ಬೇಗ ಬೇಗ ಸುತ್ತುತ್ತಿದ್ದೆ. ಹನ್ನೊಂದನೇ ದಿನ ಬೇಜಾರಾಗಿ ರಾಡ್ ಕೆಳಗಿಟ್ಟು ಕೂತು ನೀರು ನೋಡಿದೆ. ಪ್ಯೂಜೆಟ್ ಸೌಂಡ್ ಅನ್ನುವ ಕಡಲ ಕೊಲ್ಲಿಯ ನದಿಗಳಿಗೆ ಹೊರಟ ಮೀನಿಗೆ ಅಡ್ಮಿರಲ್ಟಿ ಇನ್ಲೆಟ್ ಅನ್ನುವ ಜಲಮಾರ್ಗವೇ ಹೆಬ್ಬಾಗಿಲು, ಬುಷ್ ಪಾಯಿಂಟ್ ಅದರ ಪಕ್ಕದಲ್ಲೇ ಇದೆ. ಭರತ ಏರುವಾಗ ಅಲ್ಲಿ ನೀರು ಹೊಳೆಯ ಹಾಗೆ ಓಡುತ್ತದೆ. ಓಡುವ ನೀರಿಗೂ ದಡದ ನಿಂತ ನೀರಿಗೂ ನಡುವೆ ಒಂದು ಗೆರೆ. ಆ ಗೆರೆ ನೋಡಿದ್ದೇ ನಮ್ಮೂರ ಸೋಪಾನಕಟ್ಟೆ ನೆನಪಾಯಿತು. ಅಲ್ಲಿ ಹಾಗೇ ಒಂದು ಗೆರೆಯ ಮೇಲೆ ನಮ್ಮ ಚಿಕ್ಕಪ್ಪ ಬೆಂಡು ತೇಲಿಬಿಡುತ್ತಿದ್ದರು. ಎಳೆಯುವುದಿಲ್ಲ, ಬಿಡುವುದು. ನೀರು ಎಲ್ಲಿಗೆ ಒಯ್ಯುತ್ತದೋ ಅಲ್ಲೇ ಮೀನು.

ಹಾಗಂತ 2023ರಲ್ಲಿ ಕೆಲಸ ಆಗಲಿಲ್ಲ. ಮೊದಲು ತಂದದ್ದು ದಾರಕ್ಕೆ ಕಚ್ಚಿ ಕೂರುವ ಬೆಂಡು. ಹತ್ತಡಿ ಆಳಕ್ಕೆ ಇಟ್ಟರೆ ಎಸೆಯುವುದು ಹೇಗೆ? ಒಮ್ಮೆ ಪಕ್ಕದವರ ಟೋಪಿ ಕಿತ್ತೆ. ಕುಂದಾಪುರದವನು ನಕ್ಕಿದ್ದು ಆಗಲೇ. ಆಮೇಲೆ ಜಾರುವ ಬೆಂಡಿಗೆ ಬದಲಾದೆ. ಆಳ ಜಾಸ್ತಿ ಮಾಡಿದೆ, ಇಪ್ಪತ್ತೈದು ಅಡಿ. ಸಿಕ್ಕಿದ್ದೆಲ್ಲ ಡಾಗ್‌ಫಿಷ್. ಚಿಕ್ಕ ಶಾರ್ಕ್ ಅದು, ಬೆನ್ನ ಮೇಲೆ ಮುಳ್ಳು, ಗಾಳ ಕಟ್ಟುವ ತುದಿದಾರ, ಅಂದರೆ ಲೀಡರ್, ಉಜ್ಜಿ ಹಾಳು ಮಾಡುತ್ತದೆ. ಒಂದೇ ಬೆಳಿಗ್ಗೆ ಏಳು ಬಿಡಿಸಿದೆ.

ಕೊನೆಗೆ ನಿಂತ ರಿಗ್, ಅಂದರೆ ಗಾಳದ ಜೋಡಣೆ, ಇದು. 20 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ), ಅದರ ಮೇಲೆ ಎರೆ ಎಷ್ಟು ಆಳಕ್ಕೆ ಇಳಿಯಬೇಕು ಅಂತ ನಿರ್ಧರಿಸುವ ದಾರದ ಸ್ಟಾಪ್ ಗಂಟು, ಒಂದು ಮಣಿ, ಜಾರುವ ಬೆಂಡು, ಕೆಳಗೆ ಒಂದು ಔನ್ಸಿನ ಬಾಳೆಹಣ್ಣಿನ ಆಕಾರದ ಸೀಸ. ಅಲ್ಲಿಂದ ಮುಂದೆ 15 ಪೌಂಡ್ ಫ್ಲೋರೋಕಾರ್ಬನ್ ಲೀಡರ್, ನಾಲ್ಕಡಿ ಆಸುಪಾಸು. ಐದಡಿ ಮಾಡಿದರೆ ಎಸೆಯುವಾಗ ಬೆಂಡಿಗೇ ಸುತ್ತಿಕೊಳ್ಳುತ್ತದೆ. ತುದಿಗೆ ಎರಡು ಗಾಳ, 2/0 ಅಳತೆಯವು. ಮೀನು ಕಳಚದ ಹಾಗೆ ತಡೆಯುವ ಒಳಮುಳ್ಳು ಇಲ್ಲದ್ದೇ ಆಗಬೇಕು, ಕಾನೂನು. ಮೇಲಿನ ಗಾಳ ದಾರದ ಮೇಲೆ ಸರಿಯುವ ಹಾಗೆ ಸ್ನೆಲ್ ಅನ್ನುವ ಗಂಟು ಕಟ್ಟುತ್ತೇನೆ, ಎರೆಮೀನು ಹೆರಿಂಗಿನ ಉದ್ದ ನೋಡಿ ಹೊಂದಿಸಬಹುದು. ಸ್ಟಾಪ್ ಗಂಟು ಎಷ್ಟು ಅಡಿಗೆ? ಎಂಟರಿಂದ ಹನ್ನೆರಡು ಅನ್ನುತ್ತೇನೆ. ಯಾವ ಗಂಟೆಗೆ ಎಂಟು, ಯಾವಾಗ ಹನ್ನೆರಡು ಅಂತ ನನ್ನ ಪುಸ್ತಕದಲ್ಲಿದೆ, ಅಲ್ಲೇ ಇರಲಿ.

ಎರೆಗೆ ಹೆರಿಂಗ್. ನಮ್ಮ ಬೂತಾಯಿಯ ನೆಂಟ. ಐದಾರು ಇಂಚಿನದ್ದು, ಟ್ರೇಗೆ ಆಗ ಎಂಟು ಹತ್ತು ಡಾಲರ್. ತಲೆಯನ್ನು ಓರೆಯಾಗಿ ಕೊಯ್ಯಬೇಕು, ಕರುಳು ತೆಗೆಯಬೇಕು. ಓರೆ ಸರಿ ಬಂದರೆ ನೀರಿನಲ್ಲಿ ಬುಗುರಿಯ ಹಾಗೆ ಸುತ್ತುತ್ತದೆ. ಕೋಹೊಗೆ ಬಿಗಿ ಸುತ್ತು, ಬೇಗ ಸುತ್ತು ಬೇಕು. ದೊಡ್ಡ ವೃತ್ತ ಹೊಡೆದರೆ ಆ ತುಂಡು ಬಿಸಾಕಿ ಇನ್ನೊಂದು ಕೊಯ್ಯಿರಿ, ಜಿಪುಣತನ ಬೇಡ. ಚಾಕು ಮಾತ್ರ ಹರಿತ ಇರಲಿ. ಮೊಂಡು ಚಾಕುವಿನಲ್ಲಿ ಹುರುಪೆ ಎಲ್ಲ ಉದುರಿ ಹೊಳಪು ಹೋಗುತ್ತದೆ.

ಹೆರಿಂಗ್ ನೆನೆಸುವ ಉಪ್ಪುನೀರಿನ ವಿಷಯಕ್ಕೆ ಬಂದರೆ ನನ್ನ ಉಪ್ಪಿನಕಾಯಿ ಬುದ್ಧಿ ಕೆಲಸಕ್ಕೆ ಬಂತು. ಕ್ಲೋರಿನ್ ಇಲ್ಲದ ನೀರು, ಕಲ್ಲುಪ್ಪು, ಸ್ವಲ್ಪ ಹಾಲಿನ ಪುಡಿ, ಕೆಲವು ಹನಿ ನೀಲಿ. ಹೌದು, ಬಿಳಿ ಬಟ್ಟೆಗೆ ಹಾಕುವ ನೀಲಿ. ಇಲ್ಲಿಯವರು ಹಿಂದಿನಿಂದಲೂ ಅದನ್ನೇ ಹಾಕುತ್ತಾರೆ, ಮೀನು ಬೆಳ್ಳಿಯ ಹಾಗೆ ಮಿನುಗುತ್ತದೆ. ನಾನು ದುಡ್ಡು ಉಳಿಸಲು ಮನೆಯಲ್ಲಿದ್ದ ಊರಿನ ನೀಲಿ ಸುರಿದೆ. ಎರಡು ಟ್ರೇ ಹೆರಿಂಗ್ ನೇರಳೆ ಬಣ್ಣಕ್ಕೆ ತಿರುಗಿತು, ಫ್ರಿಜ್ಜಿನ ತಟ್ಟೆಯೂ ಸಹ. ರಾತ್ರಿಯಿಡೀ ನೆನೆಸಿದರೆ ಸಾಕು. ಎರಡು ದಿನ ಬಿಟ್ಟರೆ ಮಾವಿನ ಮಿಡಿ ಸುಕ್ಕುವ ಹಾಗೆ ಸುಕ್ಕುತ್ತದೆ, ಆಮೇಲೆ ಸುತ್ತುವುದಿಲ್ಲ. ಇದರಲ್ಲಿ ಇನ್ನೂ ಒಂದು ಸಾಮಾನು ಬೀಳುತ್ತದೆ. ಅದನ್ನು ಕೇಳಬೇಡಿ, ಹೆಂಡತಿಗೂ ಹೇಳಿಲ್ಲ.

ಪಕ್ಕದಾರಿ ಪ್ರಯೋಗಗಳೂ ನಡೆದವು. ಇಲ್ಲಿ ಹಳದಿ ಮಿಶ್ರಿತ ಹಸಿರು ಬಣ್ಣ ಹಾಕಿದ ಹೆರಿಂಗ್ ಬಳಸುವವರಿದ್ದಾರೆ. ಬಣ್ಣದ ಬಾಟಲಿ ಯಾಕೆ, ನಮ್ಮಲ್ಲಿ ಅರಿಶಿನ ಇದೆಯಲ್ಲ ಅಂತ ಒಂದು ಬ್ಯಾಚಿಗೆ ಹಾಕಿದೆ. ಬಣ್ಣ ಚೆನ್ನಾಗಿ ಬಂತು. ಎರಡು ಕೋಹೊ ಕಚ್ಚಿದವು, ಆದರೆ ಅವತ್ತು ಬಿಳಿ ಹೆರಿಂಗಿಗೂ ಮೂರು ಕಚ್ಚಿದವು, ಹಾಗಾಗಿ ಅರಿಶಿನದ ಕೀರ್ತಿ ಏನೂ ಇಲ್ಲ. ಬೆಳ್ಳುಳ್ಳಿ ವಾಸನೆಯ ಎಣ್ಣೆ, ಸೋಂಪಿನ ವಾಸನೆಯ ಎಣ್ಣೆ ಅಂಗಡಿಯಲ್ಲೇ ಸಿಗುತ್ತವೆ. ಹಾಗಾದರೆ ಇಂಗು ಯಾಕೆ ಬೇಡ? ಹಾಕಿದೆ. ಒಂದೂ ಸಾಲ್ಮನ್ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಮೂಸಿ ನೋಡಿ ಏನೂ ಹೇಳದೆ ಹತ್ತು ಹೆಜ್ಜೆ ಆಚೆ ಹೋದರು. ಜಾಗವಂತೂ ಸಿಕ್ಕಿತು.

ವಾಸನೆ ಅಂದಾಗ ಕೈ ವಿಷಯ ಹೇಳಲೇಬೇಕು. ಮನುಷ್ಯರ ಚರ್ಮದಿಂದ ನೀರಿಗೆ ಇಳಿಯುವ ಸೀರಿನ್ ಅನ್ನುವ ಪದಾರ್ಥಕ್ಕೆ ಸಾಲ್ಮನ್ ಹೆದರುತ್ತದೆ ಅಂತ ಹಿಂದೆಯೇ ಕಂಡುಕೊಂಡಿದ್ದಾರೆ. ಕರಡಿಯ ಪಾದ ತೊಳೆದ ನೀರಿಗೂ ಹಾಗೇ ಬೆಚ್ಚುತ್ತದಂತೆ. ಹಿಂದಿನ ರಾತ್ರಿಯ ಸಾರಿನ ಕೈಯಲ್ಲಿ ಎರೆ ಚುಚ್ಚುತ್ತಿದ್ದವನು ನಾನು. ಈಗ ನಿಂಬೆ ವಾಸನೆಯ ಸೋಪಿನಲ್ಲಿ ತೊಳೆದು ಗ್ಲೌಸ್ ಹಾಕುತ್ತೇನೆ. ಎಷ್ಟು ಲಾಭ ಆಯಿತೋ ಅಳೆದಿಲ್ಲ, ಬಿಡುವ ಧೈರ್ಯವೂ ಇಲ್ಲ.

2024ರ ಸೆಪ್ಟೆಂಬರ್, ಎರಡನೇ ವಾರ ಇರಬೇಕು. ಗೆರೆಯ ಮೇಲೆ ಬೆಂಡು ಬಿಟ್ಟೆ. ತೇಲಿತು, ತೇಲಿತು, ಮಾಯ. ಕಾವೇರಿಯಲ್ಲಾದರೆ ಮೊದಲು ಕುಣಿಯುತ್ತದೆ, ಆಮೇಲೆ ಮುಳುಗುತ್ತದೆ. ಇಲ್ಲಿ ಕುಣಿತವೇ ಇಲ್ಲ. ದಾರ ಬಿಗಿಯಾಗುವ ತನಕ ಸುತ್ತಿ ಎತ್ತಿದೆ. ಕೋಹೊ ಮೂರು ಸಲ ಹಾರಿತು. ಮುಳ್ಳಿಲ್ಲದ ಗಾಳ, ದಾರ ಒಂದು ಕ್ಷಣ ಸಡಿಲ ಬಿಟ್ಟರೂ ಮುಗಿಯಿತು. ದಡಕ್ಕೆ ಇನ್ನು ಹದಿನೈದು ಅಡಿ ಅನ್ನುವಾಗ ಕಪ್ಪು ತಲೆಯೊಂದು ಎದ್ದಿತು. ಸೀಲ್! ನನಗೆ ಉಳಿದದ್ದು ಒಂದು ತಲೆ, ಎರಡು ಗಾಳ. ಕುಂದಾಪುರದವನು ನೆಲದ ಮೇಲೆ ಕೂತು ನಕ್ಕ.

ಅರ್ಧ ಗಂಟೆ ಬಿಟ್ಟು ಎರಡನೆಯದು ಬಂತು. ಏಳು ಪೌಂಡ್ ಇತ್ತೇನೋ. ಬೆನ್ನಿನ ಹಿಂಬದಿಯ ಪುಟ್ಟ ರೆಕ್ಕೆ ನೋಡಿದೆ, ಕತ್ತರಿಸಿತ್ತು. ಅಂದರೆ ಹ್ಯಾಚರಿಯಲ್ಲಿ ಬೆಳೆಸಿ ಬಿಟ್ಟ ಮೀನು, ಇಟ್ಟುಕೊಳ್ಳಬಹುದು. ಅಲ್ಲಿ ಆಗ ಕಾಡುಮೀನನ್ನು ವಾಪಸ್ ಬಿಡಬೇಕಿತ್ತು. ಆ ವರ್ಷ ದಡಕ್ಕೆ ತಂದದ್ದರಲ್ಲಿ ಮನೆಗೆ ಬಂದದ್ದು ಎಂಟು. ಇಟ್ಟುಕೊಂಡ ಮೀನಿನ ಲೆಕ್ಕ ಬರೆಯುವ ಕ್ಯಾಚ್ ಕಾರ್ಡಿನಲ್ಲಿ ಅಲ್ಲೇ ಬರೆಯಬೇಕಿತ್ತಲ್ಲ, ಕೈ ನಡುಗಿ ಅಕ್ಷರ ಕಾಗೆ ಕಾಲಾಯಿತು. ನಿಯಮ ವರ್ಷ ವರ್ಷ ಬದಲಾಗುತ್ತದೆ, ಸೀಸನ್ ನಡುವೆಯೂ ಬದಲಾಗುತ್ತದೆ. ಹೊರಡುವ ಮುನ್ನ ನೋಡಿಕೊಂಡೇ ಹೊರಡಿ.

ಖರ್ಚು? ಬೆಂಡಿನ ಸೀಸನ್ನಿಗೆ 260 ಡಾಲರ್ ಒಳಗೆ, ಅರ್ಧ ಫೆರ್ರಿಗೇ. ಕಳೆದದ್ದು ನಾಲ್ಕು ರಿಗ್. ಇದೇ ಬೆಂಡಿನಲ್ಲಿ ಪಿಂಕಿಗೆ ಹೋದರೆ ಹೆರಿಂಗ್ ದಂಡ. ಅದಕ್ಕೆ ಚಿಕ್ಕ ಗುಲಾಬಿ ಜಿಗ್ (ಸೀಸದ ತಲೆಯ ನಕಲಿ ಎರೆ), ತುದಿಗೆ ಉಗುರಿನಷ್ಟು ಸಿಗಡಿ ತುಂಡು ಇರಲಿ. ಆ ಕಥೆ ಇನ್ನೊಮ್ಮೆ.

ಕಳೆದ ಆಗಸ್ಟಿನಲ್ಲಿ ಕುಂದಾಪುರದಿಂದ ಫೋನ್. ಊರಿಗೆ ಹೋಗಿದ್ದವನು, ಅಲ್ಲಿಂದಲೇ. "ಸೆಪ್ಟೆಂಬರಿಗೆ ವಾಪಸ್ ಬರ್ತೇನೆ ಮಾರಾಯಾ, ನಂಗೂ ಎರಡು ಕಟ್ಟಿಡು" ಅಂದ. ಕಟ್ಟಿಟ್ಟೆ. ಮಣಿ, ಬೆಂಡು, ಸೀಸ, ಸ್ನೆಲ್, ಎಲ್ಲ ಅಚ್ಚುಕಟ್ಟು. ಸ್ಟಾಪ್ ಗಂಟು ಮಾತ್ರ ಹಾಕಿರಲಿಲ್ಲ.